ಗೇಟಿನ ಹೊರಗಿನ ನಲ್ಲಿ

ಇವತ್ತು ಬೆಳಿಗ್ಗೆ ಮಗಳ ಟಿಫನ್ ಡಬ್ಬಿ ತೆರೆದರೆ ಒಳಗೆ ಎರಡು ದಿನ ಹಳೆಯ ಬೇಯಿಸಿದ ಮೊಟ್ಟೆ. ಆ ನಾತಕ್ಕೆ, ಈ ವಾರವಿಡೀ ನೆನೆಯಬಾರದು ಎಂದುಕೊಂಡಿದ್ದ ನರ್ಸಮ್ಮ ನೆನಪಾಗಿಬಿಟ್ಟರು. ಇಂಥದೇ ವಾಸನೆಯ ನೀರು ಕುಡಿಯಲು ದೊಡ್ಡ ದೊಡ್ಡ ಮನುಷ್ಯರು ಸಾಲು ನಿಲ್ಲುತ್ತಿದ್ದ ಊರಿನ ಕಥೆಯನ್ನು ಅವರು ನನಗೆ ನೂರು ಸಲವಾದರೂ ಹೇಳಿದ್ದರು.

ಟಿ. ದಾಸರಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗೇ ಅವರ ಮನೆ. ಪ್ರಾಯದಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ವಾಪಸ್ ಬಂದು ಒಂಟಿಯಾಗಿದ್ದವರು. ಹ್ಯಾರೊಗೇಟ್ ಅಂದರೆ ಮೊದಲು ದಿಬ್ಬದ ಮೇಲೊಂದು ಹಳ್ಳಿ, ಕೆಳಗೊಂದು ಹಳ್ಳಿ ಅಷ್ಟೆ. ಮೇಲೆ ಕಬ್ಬಿಣದ ರುಚಿಯ ಬುಗ್ಗೆ, ಕೆಳಗೆ ಗಂಧಕದ ನಾತದ ಬುಗ್ಗೆ. ನಾನೂರು ವರ್ಷಕ್ಕೂ ಹಿಂದೆ ಯಾರೋ ಮೇಲಿನ ನೀರು ಕುಡಿದು, ಇದು ಔಷಧಿ ಎಂದರಂತೆ... ಕೀಲುನೋವು, ಚರ್ಮರೋಗದವರೆಲ್ಲ ಬಂದರು, ಹೋಟೆಲುಗಳು ಎದ್ದವು, ಎರಡು ಹಳ್ಳಿ ಕೂಡಿ ಪಟ್ಟಣವಾಯಿತು. ನಡುವಿನ ಹುಲ್ಲುಗಾವಲು ಮಾತ್ರ ಎಲ್ಲರದು, ಅಲ್ಲಿ ಯಾರೂ ಕಟ್ಟಕೂಡದು ಎಂದು ಕಾನೂನೇ ಇದೆಯಂತೆ. "ನಮ್ಮ ಕಡೆ ಆಗಿದ್ರೆ ಇಷ್ಟೊತ್ತಿಗೆ ಸೈಟ್ ಮಾಡಿ ಹಂಚಿರೋರು" ಎಂದು ನಾನು ಛೇಡಿಸುತ್ತಿದ್ದೆ.

ಅವರು ನಗುತ್ತಿರಲಿಲ್ಲ. "ಅದಿರ್ಲಿ ಕಣಮ್ಮ. ಕೆಳಗಿನ ಬುಗ್ಗೆ ಮೇಲೆ ದೊಡ್ಡ ಕಟ್ಟಡ ಕಟ್ಟುದ್ರು. ಒಳಗೆ ಕುಡಿಯೋರು ಕಾಸು ಕೊಡ್ಬೇಕು. ಆದ್ರೆ ಹೊರಗೆ ಒಂದು ನಲ್ಲಿ ಇಟ್ರು, ಇಲ್ದೋರಿಗೆ ಪುಕ್ಕಟೆ. ಅದಕ್ಕೂ ಕಾನೂನು. ನೆಲದ ನೀರು, ಅವರಪ್ಪನ ಮನೇದಾ?"

ಕಥೆ ಹೇಳಿ ಸುಮ್ಮನಾದವರಲ್ಲ. ತಮ್ಮ ಬೋರ್‌ವೆಲ್‌ನಿಂದ ಗೇಟಿನಾಚೆಗೆ ಪೈಪ್ ಎಳೆಸಿ ಒಂದು ನಲ್ಲಿ ಹಾಕಿಸಿದ್ದರು. ಹಿಂದಿನ ಗಲ್ಲಿಯ ವಠಾರದವರು, ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಬಿಂದಿಗೆ ಹಿಡಿದು ಬರುತ್ತಿದ್ದರು. ರಸ್ತೆ ಕೆಸರಾಗುತ್ತದೆ, ಜಗಳವಾಗುತ್ತದೆ ಎಂದು ಗೊಣಗಿದವರಿಗೆ ನರ್ಸಮ್ಮ ಸೊಪ್ಪು ಹಾಕಲಿಲ್ಲ.

ವಯಸ್ಸಾದ ಮೇಲೆ ಜಾಗವನ್ನು ಬಿಲ್ಡರ್‌ಗೆ ಕೊಟ್ಟರು. ಅಪಾರ್ಟ್‌ಮೆಂಟ್ ಎದ್ದಿತು. ಅದರಲ್ಲೊಂದು ಫ್ಲ್ಯಾಟ್ ಅವರಿಗೆ, ಇನ್ನೊಂದನ್ನು ನಾವು ಕೊಂಡೆವು. ನಲ್ಲಿಯನ್ನು ಮಾತ್ರ ಹಟ ಹಿಡಿದು ಉಳಿಸಿಕೊಂಡಿದ್ದರು. ಆಸ್ಪತ್ರೆಗೆ ಸೇರುವ ದಿನ ನನ್ನ ಕೈ ಹಿಡಿದು, "ನಲ್ಲಿ ನೋಡ್ಕೊಳಮ್ಮ" ಎಂದರು.

"ಆಯ್ತು, ನೀವು ಬೇಗ ಬನ್ನಿ" ಎಂದೆ. ಅವರು ಬರಲಿಲ್ಲ...

ಈ ಬೇಸಿಗೆ ನಮ್ಮ ಬೋರ್‌ವೆಲ್ ಸೋತಿತು. ಮನೆಗಳಿಗೆ ಎರಡು ದಿನಕ್ಕೊಮ್ಮೆ ನೀರು. ಹೋದ ಭಾನುವಾರ ಅಪಾರ್ಟ್‌ಮೆಂಟಿನವರ ಮೀಟಿಂಗಿನಲ್ಲಿ ಹೊರಗಿನ ನಲ್ಲಿಯ ಮಾತು ಬಂತು. "ಮುಚ್ಚೋಣ ಅನ್ನೋರು ಕೈ ಎತ್ತಿ" ಎಂದರು ಯಾರೋ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ನಾನೂ ಎತ್ತಿದೆ. ಸತ್ತವರು ಬಂದು ಕೇಳುವುದಿಲ್ಲ ಎಂಬ ಧೈರ್ಯವಿರಬೇಕು. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಅಂದೇ ಸಂಜೆ ನಲ್ಲಿಯ ಪೈಪ್ ಮುಚ್ಚಿಸಿದರು. ಸೋಮವಾರ ಬೆಳಿಗ್ಗೆ ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ಬಿಂದಿಗೆ ಇಟ್ಟು ನಲ್ಲಿ ತಿರುಗಿಸಿದಳು. ಗೇಟಿನ ಬಳಿ ನಾನು ಹಾಲಿಗೆ ಕಾಯುತ್ತಿದ್ದೆ. "ನೀರ್ ಬರ್ತಿಲ್ವಲ್ಲ ಆಂಟಿ?" ಎಂದಳು.

"ಮೋಟರ್ ಕೆಟ್ಟಿದೆ ಕಣಮ್ಮ" ಎಂದೆ.

"ಹೌದಾ? ಸರಿ ಆಂಟಿ, ನಾಳೆ ಬರ್ತೀನಿ" ಎಂದು ಖಾಲಿ ಬಿಂದಿಗೆ ಸೊಂಟಕ್ಕೇರಿಸಿ ಹೋದಳು.

ಮಾರನೆಯ ದಿನ ಬಂದಳು. ಇವತ್ತೂ ಬಂದಿದ್ದಳು.