ರೇಷ್ಮೆ ಹಾಸಿಗೆ ಒಲ್ಲದ ಲಾವಕ್ಕಿ

ಮೊಮ್ಮಕ್ಕಳಾ, ನಿಮ್ಮ ಆಯಿ ಒಂದು ಸುಳ್ಳು ಹೇಳಿದ್ದಾಳೆ. ಬಾಯಿಬಿಟ್ಟು ಒಪ್ಪಿಕೊಳ್ಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಮನೆಗೆ ಯಾರಾದರೂ ಬಂದರೆ ಇವತ್ತಿಗೂ ಬಾಗಿಲ ಹಿಂದೆ ನಿಲ್ಲುವವಳು ನಾನು. ಆದರೆ ಹಿತ್ತಲಿನ ನಾಲ್ಕು ಲಾವಕ್ಕಿಗಳ ಮುಂದೆ ಕೂತರೆ ನನ್ನ ಮಾತು ನಿಲ್ಲುವುದಿಲ್ಲ. ಅವೂ ಕತ್ತು ಓರೆ ಮಾಡಿ ಕೇಳುತ್ತವೆ. ಕೈಯಲ್ಲಿ ನವಣೆ ಇದ್ದರೆ ಇನ್ನೂ ಚೆನ್ನಾಗಿ ಕೇಳುತ್ತವೆ.

ನಿಮ್ಮೊಳಗೆ ಸಣ್ಣವಳಾದ ಪಲ್ಲವಿಯ ಹಟಕ್ಕೆ ನಿಮ್ಮಪ್ಪ ಅವನ್ನು ಜಮಖಂಡಿಯಿಂದ ತಂದಾಗ ಮೂಗು ಮುರಿದಿದ್ದೆ. ಮುಷ್ಟಿಯಷ್ಟು ಮೈ, ಇದ್ದೂ ಇಲ್ಲದಂಥ ಬಾಲ. ವಾರದೊಳಗೆ ಸೋತುಹೋದೆ. ಬೆನ್ನ ಮೇಲಿನ ಆ ಕಂದು ಪಟ್ಟಿ, ಬಿಳಿ ಎಳೆ! ಮಗ್ಗದ ಮುಂದೆಯೇ ಮುದುಕಿಯಾದ ನನಗೂ ಆ ನೇಯ್ಗೆ ತಿಳಿಯಲಿಲ್ಲ. ಗಂಡು ಕೂಗಿದರೆ ಎಣ್ಣೆ ಕಾಣದ ಮಗ್ಗದ ಸದ್ದು. ನಿಮ್ಮಪ್ಪ ಎರಡು ಸಲ ಎಣ್ಣೆ ಡಬ್ಬಿ ಹಿಡಿದು ಎದ್ದಿದ್ದ. ನಮ್ಮ ಅಡಿಗೆಮನೆಗೆ ತತ್ತಿ ಬರುವುದಿಲ್ಲ. ಚುಕ್ಕೆ ಚುಕ್ಕೆಯ ಆ ಪುಟ್ಟ ತತ್ತಿಗಳು ಗೋಡೆಯಾಚೆ ಮಾಬೂಬಿಯ ಮನೆಗೆ ಹೋಗುತ್ತವೆ, ಅಲ್ಲಿಂದ ಮಜ್ಜಿಗೆ ಬರುತ್ತದೆ. ಹಕ್ಕಿಗಳ ಹಿಕ್ಕೆ ತಿಂದ ನಮ್ಮ ಬದನೆ ಗಿಡಗಳಂತೂ ಓಣಿಯವರ ಕಣ್ಣು ಕುಕ್ಕುವಂತೆ ಬೆಳೆದಿವೆ.

ನಮ್ಮ ಮನೆಯಲ್ಲಿ ಕೂಸು ಹುಟ್ಟಿದರೆ ಮಗ್ಗದಡಿ ಬಿದ್ದ ನೂಲು ತುಂಬಿ ಮೆತ್ತೆ ಹಾಸುತ್ತೇವೆ. ಹಕ್ಕಿಗಳಿಗೂ ಹಾಗೇ ಮಾಡಿದೆ. ಮೆತ್ತಗಿರಲೆಂದು ಸೆರಗಿನ ರೇಷ್ಮೆ ಎಳೆಗಳನ್ನೇ ಆರಿಸಿ ಗೂಡಿನಲ್ಲಿ ಹರಡಿದೆ. ಮರುದಿನ ಬೆಳಿಗ್ಗೆ, ಪಲ್ಲವಿ ರಾಣಿ ಎಂದು ಹೆಸರಿಟ್ಟ ಹಕ್ಕಿ ಮೇಲೇಳಲಿಲ್ಲ. ಎಳೆ ಸುತ್ತಿ ಬಿಗಿದು ಕಾಲ್ಬೆರಳು ನೀಲಿಗಟ್ಟಿತ್ತು.

"ಆಯಿ, ರಾಣಿ ಕಾಲು ಹೋಕ್ಕೈತೇನ?" ಪಲ್ಲವಿ ನನ್ನ ಸೆರಗು ಹಿಡಿದು ಎಳೆದಳು.

ಮಾಬೂಬಿ ಗೋಡೆಯ ಮೇಲಿಂದ ಇಣುಕಿದಳು. "ಕತ್ತರಿ ತರ್ಲೇನ್ರಿ ಕಾಕು?"

"ಬ್ಯಾಡವಾ! ಎಳಿ ಯಾವುದು, ಬೆರಳ ಯಾವುದು ಗೊತ್ತಾಗವಲ್ದು. ಹರದ ಎಳಿ ಕೂಡ್ಸೂ ಕೈ ಇದು, ಸುತ್ತಿದ್ದು ಬಿಚ್ಚಾಕ ಬರೂದಿಲ್ಲೇನು?"

"ಯವ್ವಾ, ನಿಮಗ ಇಷ್ಟ ದೊಡ್ಡ ದನಿ ಐತೇನ್ರಿ!"

ಕಾಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಸೂಜಿಯ ತುದಿಯಿಂದ ಒಂದೊಂದೇ ಸುತ್ತು ಸಡಿಲಿಸಿದೆ. ಉಸಿರು ಬಿಟ್ಟರೆ ಎಲ್ಲಿ ಬಿಗಿಯುತ್ತದೋ ಎಂಬ ಭಯ. ಕೊನೆಯ ಸುತ್ತು ಬಿಚ್ಚಿದಾಗ ರಾಣಿ ನನ್ನ ಬೆರಳಿಗೇ ಕುಕ್ಕಿದಳು. ಸಂಜೆಗೆ ಅವಳ ಕಾಲ್ಬೆರಳಿನ ನೀಲಿ ಹೋಗಿ ಕೆಂಪೇರಿತು, ಕುಂಟುತ್ತ ನವಣೆಗೆ ಬಂದಳು. ಪಲ್ಲವಿ ಕುಣಿದಳು. ಆಮೇಲೆ ಕೇಳಿದಳು, "ಗೂಡಿನ್ಯಾಗ ಎಳಿ ಹೆಂಗ ಬಂತ?"

"ಗಾಳಿಗಿ ಹಾರಿ ಬಂದಿರಬೇಕವಾ," ಎಂದು ನಾನು ಬದನೆ ಗಿಡ ನೋಡಿದೆ.

ಈಗ ಗೂಡಿನಲ್ಲಿ ಬರೀ ಒಂದು ಬುಟ್ಟಿ ಮರಳು ಹಾಸಿದ್ದೇನೆ. ನಾಲ್ಕೂ ಅದರಲ್ಲಿ ಹೊರಳಿ, ಕಾಲು ಚಾಚಿ, ನನ್ನ ಸೀರೆಗೆಲ್ಲ ಧೂಳು ಎರಚಿ ಸುಖಪಡುತ್ತವೆ. ನಾನು ರೇಷ್ಮೆ ಆರಿಸುತ್ತ ಕೂತಿದ್ದೆ, ಅವಕ್ಕೆ ಬೇಕಾಗಿದ್ದು ಮರಳು. ಏನು ಬೇಕೆಂದು ಮೊದಲೇ ಕೇಳಬಹುದಿತ್ತು. ಅವುಗಳ ಮುಂದೆ ಮಾತೆಲ್ಲ ನನ್ನದೇ ಆಗಿತ್ತು.

ಪಲ್ಲವಿ, ಗಾಳಿಯದೇನೂ ತಪ್ಪಿಲ್ಲ. ಓದಿ ಮುಗಿಸಿ ಬೈಯಲು ಬಾ. ಬಾಗಿಲ ಹಿಂದೆ ಹುಡುಕಬೇಡ, ಹಿತ್ತಲಿನಲ್ಲಿ ಮರಳು ಜರಡಿ ಹಿಡಿಯುತ್ತಿರುತ್ತೇನೆ.