ಸಿಕ್ಕಿಕೊಂಡ ಸಾಲಿನ ಆಚೆಯ ಹಾಡು

ನನ್ನ ಮೊಮ್ಮಗಳು ನಿನ್ನೆ ಶೃಂಗೇರಿಯಲ್ಲಿ ವೇದಿಕೆಯ ಮೇಲೆ ಕೂತು ಒಂದು ಇಡೀ ಕೀರ್ತನೆ ಹಾಡಿದಳು! ಮೊದಲು ಇದನ್ನು ಹೇಳಿಬಿಡಬೇಕು, ಉಳಿದದ್ದೆಲ್ಲ ಆಮೇಲೆ. ಬೆಳಿಗ್ಗೆ ಹಾಲಿನವನಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ಕಡಹಿನಬೈಲಿನ ತಂಗಿಗೆ ಫೋನು ಮಾಡಿ ಹೇಳಿದೆ. ಅವಳು, "ನಾನೂ ಅಲ್ಲೇ ಇದ್ನಲ್ಲೇ ಮಾರಾಯ್ತಿ, ನಿನ್ನ ಪಕ್ಕದಲ್ಲೇ ಕೂತಿದ್ದೆ" ಅಂದಳು. ಇದ್ದಳು, ಹೌದು. ಆದರೂ ಹೇಳಬೇಕು ಅನಿಸಿತು. ಈಗ ಹೇಳುವುದಕ್ಕೆ ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಹೆಚ್ಚುಕಡಿಮೆ ಇದ್ದರೆ ನೀವೇ ಸರಿಮಾಡಿಕೊಂಡು ಓದಿ.

ನಾವಿರುವುದು ಕೊಪ್ಪದಲ್ಲಿ. ಮೊಮ್ಮಗಳು ಆರನೆಯ ತರಗತಿ. ಅವಳ ಸಂಗೀತದ ಟೀಚರು ಶೃಂಗೇರಿಯವರು, ಭಾನುವಾರ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಈ ಸಲ ಬೇಸಿಗೆ ಮುಗಿಯುವಾಗ ಟೀಚರು, "ಅಜ್ಜಿ, ನಾನು ಮಗಳ ಬಾಣಂತನಕ್ಕೆ ಹೋಗ್ತಾ ಇದ್ದೀನಿ. ನವರಾತ್ರಿಗೆ ಮಕ್ಕಳ ಕಛೇರಿ ಉಂಟು, ಇವಳ ಕೈಲೊಂದು ದೊಡ್ಡ ಕೀರ್ತನೆ ಹಾಡಿಸೋಣ. ನಾನು ಬರೋವರೆಗೆ ದಿನಾ ಕೇಳ್ತಾ ಇರಲಿ" ಅಂದು, ಒಬ್ಬ ಹಿರಿಯ ವಿದ್ವಾಂಸರ ಹಳೆಯ ಕಛೇರಿಗಳ ಸೀಡಿ ತರಿಸಲು ಹೇಳಿದರು. ಫೋನಿನಲ್ಲಿ ಆ ಹಾಡು ಸಿಗುವುದಿಲ್ಲವಂತೆ. ಸಿಕ್ಕಿದರೂ ಆಲಾಪನೆಯ ನಡುವೆ ಸಾಬೂನಿನ ಜಾಹೀರಾತು ಬರುತ್ತದಂತೆ. ಮಗ ಪೇಟೆಯ ಅಂಗಡಿಯಲ್ಲಿ ಹೇಳಿ ತರಿಸಿಕೊಟ್ಟ. ಒಂದು ಡಬ್ಬಿಯಲ್ಲಿ ಸುಮಾರು ಸೀಡಿಗಳು. ನಮ್ಮ ಹಾಡು ಇದ್ದದ್ದು ಮೂರನೆಯದರಲ್ಲಿ.

ದಿನಾ ಸಂಜೆ ಅವಳು ಕೇಳುತ್ತಿದ್ದಳು, ನಾನು ಹೂಬತ್ತಿ ಹೊಸೆಯುತ್ತ ಪಕ್ಕದಲ್ಲಿ ಕೂರುತ್ತಿದ್ದೆ. ಹಾಡಿನ ನಡುವೆ ಒಂದು ಸಾಲು ಬರುತ್ತದೆ. ಮತ್ತೆ ಅದೇ ಸಾಲು. ಮತ್ತೆ ಅದೇ. ಆಮೇಲೆ ಥಟ್ಟನೆ ಮಂಗಳದ ಹತ್ತಿರ ಹೋಗಿ ಮುಗಿಯುತ್ತದೆ. ಸಂಗೀತ ಅಂದರೆ ಹಾಗೇ ಅಲ್ಲವೇ? ನಾನು ನೋಡಿದ ಕಛೇರಿಗಳಲ್ಲೆಲ್ಲ ಒಂದು ಸಾಲು ಹಿಡಿದರೆ ಬಿಡುವುದೇ ಇಲ್ಲ, ಮುಂದೆ ಕೂತವರು ಅದಕ್ಕೇ ತಲೆದೂಗುತ್ತಾರೆ. ನಾನೂ ತೂಗಿದೆ. ಎಷ್ಟು ಭಕ್ತಿಯಪ್ಪ ಈ ಮಹಾನುಭಾವರಿಗೆ, ದೇವರನ್ನು ಬಿಡಲಾರದೆ ಕರೆಯುತ್ತಿದ್ದಾರೆ ಅಂದುಕೊಂಡು ಕಣ್ಣು ಒರೆಸಿಕೊಂಡದ್ದೂ ಉಂಟು. ಮೊಮ್ಮಗಳು ಒಂದು ಉಸಿರೂ ಬಿಡದೆ ಹಾಗೆಯೇ ಕಲಿತಳು.

ಟೀಚರು ವಾಪಸು ಬಂದ ಮೇಲೆ ಅವರೆದುರು ಹಾಡಿದಳು. ಆ ಜಾಗಕ್ಕೆ ಬಂದಾಗ ಅವರು ತಾಳ ಹಾಕುವ ಕೈ ನಿಲ್ಲಿಸಿದರು. "ಎಂತ ಕೂಸೇ ಇದು? ಶಬ್ದದ ಅರ್ಧಕ್ಕೆ ಕತ್ತರಿಸಿ ಹಿಂದೆ ಓಡ್ತೀಯಲ್ಲ?"

"ಸೀಡಿಯಲ್ಲಿ ಹಾಗೇ ಉಂಟು" ಅಂದಳು ಇವಳು.

ಅವರು ಸೀಡಿ ಹಾಕಿ ಕೇಳಿದರು. ಮೊದಲು ನಕ್ಕರು, ಆಮೇಲೆ ನಗು ನಿಂತಿತು. "ಅಜ್ಜಿ, ಇದು ಸೀಡಿ ಹಾಳಾಗಿ ಸಿಕ್ಕಿಕೊಳ್ತಿರೋದು. ನೀವೂ ಕೇಳ್ತಿದ್ರಲ್ಲ, ಗೊತ್ತಾಗ್ಲಿಲ್ವಾ?"

"ನೀವು ಹಾಡುವಾಗಲೂ ಅದೇ ಸಾಲು ತಿರುಗಿ ತಿರುಗಿ ಬರುತ್ತಲ್ಲಮ್ಮ!"

"ಅದು ನೆರವಲ್ ಅಜ್ಜಿ. ಸಾಲು ಅದೇ, ಆದರೆ ಪ್ರತಿ ಸಲ ಬೇರೆ ದಾರೀಲಿ ಹಾಡ್ತೀವಿ. ಇದು ಒಂದೇ ದಾರೀಲಿ ಓಡಿ ಎಡವಿ ಬೀಳ್ತಾ ಇದೆ."

ನನಗೆ ಎಲ್ಲ ದಾರಿಯೂ ಒಂದೇ ಕಂಡಿತು. ಮೊಮ್ಮಗಳಿಗೆ ಮಾತ್ರ ಸಿಟ್ಟು ಬಂತು. ಅಷ್ಟು ದೊಡ್ಡವರು ಹಾಡಿದ್ದು ತಪ್ಪಾಗಲು ಹೇಗೆ ಸಾಧ್ಯ ಅಂತ ಅವಳ ವಾದ. ಟೀಚರು ಹೇಳಿಕೊಟ್ಟರೆ ಅಲ್ಲಿ ಸರಿಯಾಗಿ ಹಾಡುವಳು, ಮನೆಗೆ ಬಂದ ಕೂಡಲೇ ಗಂಟಲು ತಾನೇ ಹಳೆಯ ಜಾಗಕ್ಕೆ ತಿರುಗುವುದು. ಕಡೆಗೆ ಒಂದು ಭಾನುವಾರ ಅತ್ತುಬಿಟ್ಟಳು. "ಅವರು ಹಾಡಿದ್ದು ಸರಿಯಾಗಿ ಕೇಳೋವರೆಗೆ ನಾನು ಹಾಡೋದೇ ಇಲ್ಲ." ಟೀಚರು ನನ್ನನ್ನು ಹೊರಗೆ ಕರೆದು, "ಕಛೇರಿಗೆ ಹೆಸರು ಕೊಡೋದಕ್ಕೆ ಇನ್ನು ಸ್ವಲ್ಪವೇ ದಿನ ಇರೋದು ಅಜ್ಜಿ. ಒಳ್ಳೆ ಸೀಡಿ ಸಿಕ್ಕರೆ ಆಯ್ತು, ಇಲ್ಲದಿದ್ರೆ ಈ ವರ್ಷ ಬೇಡ" ಅಂದರು.

ಮಾರನೆಯ ದಿನ ಆ ಸೀಡಿಯನ್ನು ಅಂಗಡಿಗೆ ಹಿಡಿದುಕೊಂಡು ಹೋದೆ. ಕೊಳೆಯಾಗಿದ್ದಕ್ಕೆ ಸಿಕ್ಕಿಕೊಳ್ಳುತ್ತಿದೆಯೋ ಏನೋ ಅಂತ ಹೋಗುವ ಮುಂಚೆ ಚೆನ್ನಾಗಿ ತೊಳೆದಿದ್ದೆ. ಅಂಗಡಿಯವರು ಬೆಳಕಿಗೆ ಹಿಡಿದು ನೋಡಿದರು.

"ಇಷ್ಟೊಂದು ಗೀರು! ಎಂತದ್ರಲ್ಲಿ ತೊಳೆದ್ರಿ ಅಜ್ಜಿ?"

"ಸೀಗೆಪುಡಿ. ಹಿತ್ತಾಳೆ ತಂಬಿಗೆ ಎಷ್ಟು ಚೆನ್ನಾಗಿ ಹೊಳೆಯುತ್ತೆ ಗೊತ್ತಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇನ್ನು ಬದಲಿ ಕೊಡಲು ಆಗುವುದಿಲ್ಲ, ಕಂಪನಿಯವರು ಒಪ್ಪುವುದಿಲ್ಲ ಅಂತ ಹೇಳಿ, ಒಳ್ಳೆಯ ಸೀಡಿ ಹೇಗಿರುತ್ತದೆ ಎಂದು ನನಗೆ ತೋರಿಸಲು ಅವರು ಹೊಸ ಡಬ್ಬಿಯೊಂದನ್ನು ತೆರೆದು ಅದರ ಮೂರನೆಯ ಸೀಡಿ ಹಾಕಿದರು. ಹಾಡು ಚೆನ್ನಾಗಿ ಬಂತು. ಆ ಸಾಲಿಗೆ ಬಂತು. ಸಿಕ್ಕಿಕೊಂಡಿತು, ಅದೇ ಜಾಗದಲ್ಲಿ!

"ಅದನ್ನೂ ಅಜ್ಜಿಯೇ ತೊಳೆದಿರ್ಬೇಕು ಮಾರಾಯ" ಅಂದರು ರೀಚಾರ್ಜಿಗೆ ಬಂದಿದ್ದ ಒಬ್ಬರು.

ಅಂಗಡಿಯವರು ನಗಲಿಲ್ಲ. ನನಗಂತೂ ತಲೆ ಕೆಟ್ಟುಹೋಯಿತು. ಎರಡರಲ್ಲೂ ಹಾಗೇ ಇದೆ ಎಂದ ಮೇಲೆ ಅವರು ಹಾಡಿದ್ದೇ ಹಾಗಿರಬೇಕು, ಟೀಚರದ್ದೇ ತಪ್ಪು, ಮಗು ಹೇಳಿದ್ದೇ ಸರಿ! ಮನೆಗೆ ಬಂದು ಕಡಹಿನಬೈಲಿನ ತಂಗಿಗೆ ಹೇಳಿದೆ. ಅವಳು ನರಸಿಂಹರಾಜಪುರದ ಪೇಟೆಗೆ ಹೋಗಿ, ಅಲ್ಲಿಯ ಅಂಗಡಿಯಲ್ಲಿ ಇದ್ದ ಅದೇ ಡಬ್ಬಿಯನ್ನು ಹಾಕಿಸಿ, ಫೋನನ್ನು ಸ್ಪೀಕರಿಗೆ ಹಿಡಿದಳು. ಅಲ್ಲೂ ಅದೇ ಸಾಲು, ಮತ್ತೆ ಅದೇ ಸಾಲು. ಫೋನೇ ಕೆಟ್ಟಿತೇನೋ ಎಂದು ನಾನು ಹಲೋ ಹಲೋ ಎಂದು ಕೂಗಿದೆ. "ಕೂಗಬೇಡ, ನನ್ನ ಕಿವಿ ಸರಿ ಉಂಟು. ಇದೇ ಸರಿ ಇಲ್ಲ" ಅಂದಳು ತಂಗಿ.

ಕೊಪ್ಪದ ಅಂಗಡಿಯವರು ಕಂಪನಿಗೆ ಫೋನು ಮಾಡಿದಾಗ ವಿಷಯ ಗೊತ್ತಾಯಿತು. ಅಚ್ಚು ಮಾಡುವಾಗಲೇ ತಪ್ಪಾಗಿ ಆ ಸಲ ಮಾಡಿದ ಡಬ್ಬಿಗಳ ಮೂರನೆಯ ಸೀಡಿಗಳೆಲ್ಲ ಹಾಳಂತೆ. ಬದಲಿ ಕಳಿಸುತ್ತಾರಂತೆ, ಸೀಗೆಪುಡಿ ಹಾಕಿದ್ದಕ್ಕೂ.

ಬಂತು ಕೂಡ. ಮನೆಯವರೆಲ್ಲ ಸುತ್ತ ಕೂತು ಹಾಕಿದೆವು. ಪೆಂ ಪೆಂ ಅಂತ ನಾಗಸ್ವರ ಹೊರಟಿತು! ಮಲಗಿದ್ದ ನಮ್ಮ ಯಜಮಾನರು ಎದ್ದು ಬಂದು, "ಯಾರ ಮನೆ ಮದುವೆ ದಿಬ್ಬಣ?" ಅಂತ ಬಾಗಿಲು ತೆಗೆದು ನೋಡಿದರು. ಮೇಲೆ ಅದೇ ವಿದ್ವಾಂಸರ ಹೆಸರು, ಒಳಗೆ ಬೇರೆ ಯಾರದೋ ವಾದ್ಯ. ಮೊಮ್ಮಗಳು ಎದ್ದು ಒಳಗೆ ಹೋಗಿ ಲೆಕ್ಕದ ಪುಸ್ತಕ ತೆಗೆದಳು. ಅತ್ತಿದ್ದರೂ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮತ್ತೆ ಅಂಗಡಿ, ಮತ್ತೆ ಫೋನು. ಈ ಸಲ ನಾನು ಅಲ್ಲೇ ಕೂತು ಬಿಟ್ಟೆ, ಕಂಪನಿಯ ಹುಡುಗಿಯ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಫೋನು ಕಸಿದುಕೊಂಡೆ. "ಮಗಾ, ನಮ್ಮ ಹುಡುಗಿ ಹಾಡಬೇಕು, ನೀನು ಕಳಿಸುವ ಮೊದಲು ಒಂದು ಸಲ ಹಾಕಿ ಕೇಳು" ಅಂದೆ. ಅವಳು, "ಆಯ್ತಜ್ಜಿ, ನಾನೇ ಕೇಳಿ ಕಳಿಸ್ತೀನಿ" ಅಂದಳು. ಕೇಳಿರಬೇಕು, ಪುಣ್ಯಾತ್ಗಿತ್ತಿ.

ಅದು ಬಂದ ಸಂಜೆ ಹಾಡು ಆ ಸಾಲಿಗೆ ಬಂದಾಗ ಮೊಮ್ಮಗಳು ನನ್ನ ಸೆರಗು ಹಿಡಿದುಕೊಂಡಿದ್ದಳು. ಸಾಲು ಬಂತು, ತಿರುಗಿತು, ಮತ್ತೆ ತಿರುಗಿತು, ದಾಟಿತು. ದಾಟಿ ಮುಂದೆ ಹೋಯಿತು! ಆಚೆಗೆ ಇನ್ನೂ ಎಷ್ಟೊಂದು ಹಾಡು ಇತ್ತು, ಸ್ವರ, ಮೃದಂಗ, ಎಲ್ಲ. ಇಷ್ಟು ದಿನ ನಾವು ಹೊಸ್ತಿಲಲ್ಲೇ ನಿಂತು, ಮನೆಯೊಳಗೆ ಹೋದೆವು ಅಂದುಕೊಂಡಿದ್ದೆವು. ಅವಳು ಮುಗಿಯುವವರೆಗೆ ಅಲ್ಲಾಡಲಿಲ್ಲ. ಆಮೇಲೆ, "ಅಜ್ಜಿ, ಟೀಚರು ಹೇಳಿದ್ದೇ ಸರಿ. ಇನ್ನೊಂದು ಸಲ ಹಾಕು" ಅಂದಳು. ಮಾರನೆಯ ದಿನವೇ ಟೀಚರು ಕಛೇರಿಗೆ ಅವಳ ಹೆಸರು ಕೊಟ್ಟರು.

ನಿನ್ನೆ ವೇದಿಕೆಯ ಮೇಲೆ ಅವಳು ಆ ಸಾಲು ಹಿಡಿದಾಗ ನಾನು ಕೂತಲ್ಲೇ ಮುಂದಕ್ಕೆ ಬಾಗಿದೆ. ಒಂದು ಸಲ ಹಾಡಿದಳು. ಮತ್ತೆ ಅದೇ ಸಾಲು. ಮತ್ತೆ! ಅಯ್ಯೋ, ಸಿಕ್ಕಿಕೊಂಡಳು ಅಂತ ನಾನು ತಂಗಿಯ ಕೈ ಜಿಗುಟಿದೆ. ಆದರೆ ಟೀಚರು ತಲೆದೂಗುತ್ತಿದ್ದರು, ಪಿಟೀಲಿನವರು ನಗುತ್ತಿದ್ದರು. ಅದು ನೆರವಲ್ ಆಗಿತ್ತಂತೆ. ಅವಳು ದಾಟಿ ಆಚೆಗೆ ಹೋದಾಗಲೇ ನನಗೆ ಉಸಿರು ಬಂದದ್ದು. ಈಗಲೂ ಕೇಳಿದರೆ ಎರಡಕ್ಕೂ ವ್ಯತ್ಯಾಸ ಹೇಳಲಾರೆ.

ಕೊಪ್ಪಕ್ಕೆ ಬರುವಾಗ ಕತ್ತಲಾಗಿತ್ತು. ಸೊಸೆ ಬೆಳಿಗ್ಗೆಯೇ ಪತ್ರೊಡೆ ಬೇಯಿಸಿಟ್ಟಿದ್ದಳು. ಅನ್ನ ಮಾಡಿ, ಸಾರು ಬಿಸಿ ಮಾಡಿ, ಹಪ್ಪಳ ಕರಿದು, ಹೆಸರುಬೇಳೆ ಪಾಯಸ ಮಾಡಿದೆವು. ತಂಗಿಯ ಮನೆಯವರೂ ಊಟ ಮುಗಿಸಿಯೇ ಊರಿಗೆ ಹೊರಡುವುದು ಅಂತ ನಿಂತರು. ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂತೆವು. ಮೊಮ್ಮಗಳು ರೇಷ್ಮೆ ಲಂಗ ಬದಲಾಯಿಸದೆಯೇ ಊಟಕ್ಕೆ ಕೂತು, ಪಾಯಸವನ್ನು ಲಂಗಕ್ಕೆ ಚೆಲ್ಲಿಕೊಂಡಳು. ಯಾರೂ ಬಯ್ಯಲಿಲ್ಲ. ಯಜಮಾನರು ತಮ್ಮ ಎಲೆಯ ಪತ್ರೊಡೆಯನ್ನು ತೆಗೆದು ಅವಳ ಎಲೆಗೆ ಹಾಕಿದರು. "ನಿಂಗೆ ಬೇಡ್ವಾ ಅಜ್ಜ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ತಿನ್ನಲು ಶುರುಮಾಡಿದಳು.