ಹದಿನೇಳಕ್ಕೆ ಓಗೊಟ್ಟವಳು

ಲಾಯ್ಡ್ ಹೌಗನ್ ಸತ್ತಾಗ ಅವನನ್ನು ಹೊಗಳಲು ಊರು ತಡಕಾಡಬೇಕಾಗಲಿಲ್ಲ. ಮೊಂಟಾನಾದ ಆ ಬೋಳು ಹುಲ್ಲುಗಾವಲಿನಲ್ಲಿ ಎಲ್ಲಿ ಹೊಗೆಯೆದ್ದರೂ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದ ಮನುಷ್ಯ ಅವನು. ಬಿಟ್ಟ ಕೆಲಸವನ್ನು ಯಾರು ಮುಗಿಸುತ್ತಿದ್ದರೆಂದು ಯಾರೂ ಕೇಳಿರಲಿಲ್ಲ. ಹಸುವಿನ ಹೊಟ್ಟೆಯಿಂದ ಕರುವಿನ ಮುಂಗಾಲು ಹೊರಬಂದಿರುವಾಗ ಕರೆ ಬಂದರೆ, ಲಾಯ್ಡ್ ಹಗ್ಗವನ್ನು ಹೆಂಡತಿ ಆರ್ಡಿಸ್‌ಳ ಕೈಗಿತ್ತು ಗಾಡಿ ಹತ್ತುತ್ತಿದ್ದ. ಉಳಿದರ್ಧ ಕರುವನ್ನು ಎಳೆಯುವುದು ಅವಳ ಪಾಲು.

ಕರೆ ಬರುತ್ತಿದ್ದದ್ದೂ ಅವಳಿಗೇ. ಊರಿನ ಅಗ್ನಿಶಾಮಕ ಪಡೆಯೆಂದರೆ ಸಂಬಳವಿಲ್ಲದೆ ದುಡಿಯುವ ದನಗಾರರ ಗುಂಪು. ಲಾಯ್ಡ್ ಅದರ ಮುಖ್ಯಸ್ಥ, ಅವನ ನಂಬರು ಹದಿನೇಳು. ರೇಡಿಯೊ ಇದ್ದದ್ದು ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಪಕ್ಕ. ಜಿಲ್ಲಾಕೇಂದ್ರದಲ್ಲಿ ರೇಡಿಯೊ ನೋಡಿಕೊಳ್ಳುವ ಬೆವರ್ಲಿ "ಹದಿನೇಳು, ಹದಿನೇಳು" ಎಂದು ಕೂಗಿದಾಗ ಲಾಯ್ಡ್ ಎಲ್ಲೋ ಬೇಲಿ ಬಿಗಿಯುತ್ತಿರುತ್ತಿದ್ದ. ಆರ್ಡಿಸ್ ಹಿಟ್ಟಿನ ಕೈಯಲ್ಲೇ ಗುಂಡಿ ಒತ್ತಿ "ಹದಿನೇಳು, ಹೇಳು ಬೆವರ್ಲಿ" ಅನ್ನುತ್ತಿದ್ದಳು. ಅಂಗಳಕ್ಕೋಡಿ ಗಾಡಿಯ ಹಾರನ್ ಬಾರಿಸಿ ಗಂಡನನ್ನು ಕರೆಯುತ್ತಿದ್ದಳು, ಮನೆಮನೆಗೆ ಫೋನು ಮಾಡುತ್ತಿದ್ದಳು, ಆಮೇಲೆ ಇಡೀ ಪಡೆಗೆ ಬುತ್ತಿ ಕಟ್ಟುತ್ತಿದ್ದಳು. ಬಿಡಿಗಾಸಿಲ್ಲದೆ ದುಡಿಯುತ್ತಾನೆ, ದೇವರಂಥವನು ಎಂದು ಊರು ಲಾಯ್ಡ್‌ನನ್ನು ಕೊಂಡಾಡುವಾಗ ಆರ್ಡಿಸ್ ಪಾತ್ರೆ ತೊಳೆಯುತ್ತಿದ್ದಳು. ಅದಕ್ಕೂ ಬಿಡಿಗಾಸಿರಲಿಲ್ಲ.

ಒಂದು ಬೇಸಿಗೆ, ಮಳೆಯಿಲ್ಲದ ಒಣಸಿಡಿಲಿಗೆ ಹುಲ್ಲು ಹೊತ್ತಿಕೊಂಡಿತು. ಲಾಯ್ಡ್ ಪಡೆ ಕಟ್ಟಿಕೊಂಡು ನೆರೆಯವನ ಹುಲ್ಲಿನ ಮೆದೆ ಉಳಿಸಲು ಹೋದ. ಗಾಳಿ ತಿರುಗಿತು. ಬೆಂಕಿ ಅವರದೇ ಹುಲ್ಲುಗಾವಲಿಗೆ ನುಗ್ಗಿದಾಗ ಅಲ್ಲಿದ್ದವಳು ಆರ್ಡಿಸ್ ಒಬ್ಬಳೇ. ಕಾದ ಮುಳ್ಳುತಂತಿಯನ್ನು ಕತ್ತರಿಸಿ, ಬೆದರಿ ಹಿಂದಕ್ಕೇ ನುಗ್ಗುತ್ತಿದ್ದ ಮಂದೆಯನ್ನು ಆಗಲೇ ಸುಟ್ಟು ಕರಕಲಾಗಿದ್ದ ನೆಲಕ್ಕೆ ಅಟ್ಟಿದಳು. ಸುಟ್ಟ ನೆಲ ಎರಡನೇ ಸಲ ಸುಡುವುದಿಲ್ಲ. ಮಂದೆ ಉಳಿಯಿತು. ಅವಳ ಬಲಗೈಯಲ್ಲಿ ತಂತಿಯ ಬರೆ ಉಳಿಯಿತು. ಮರುದಿನ ಪತ್ರಿಕೆಯವರು ಬಂದು ಕತ್ತರಿಸಿದ ಬೇಲಿಯ ಮುಂದೆ ಲಾಯ್ಡ್‌ನನ್ನು ನಿಲ್ಲಿಸಿ ಫೋಟೊ ತೆಗೆದರು. ಆರ್ಡಿಸ್ ಅವರಿಗೆ ಕಾಫಿ ಕೊಟ್ಟಳು. ಲಾಯ್ಡ್ ಸುಳ್ಳೇನೂ ಹೇಳಲಿಲ್ಲ; ಅವರು ಬರೆದದ್ದನ್ನು ತಿದ್ದಲಿಲ್ಲ, ಅಷ್ಟೇ. ಸಾಯುವವರೆಗೂ ತಿದ್ದಲಿಲ್ಲ.

ಹೂಳುವ ಹಿಂದಿನ ದಿನ ಮೈದುನನ ಮಗ ಡ್ವೇನ್ ಮನೆಗೆ ಬಂದ. ಇನ್ನು ಪಡೆಗೆ ಅವನೇ ಮುಖ್ಯಸ್ಥ. ಚರ್ಚಿನಲ್ಲಿ ದೊಡ್ಡಪ್ಪನ ಬಗ್ಗೆ ಮಾತಾಡುವವನೂ ಅವನೇ. ಆರ್ಡಿಸ್ ಅವನ ಮುಂದೆ ತಟ್ಟೆ ಇಟ್ಟು ಕೇಳಿದಳು:

"ನಾಳೆ ಆ ಬೆಂಕಿ ವಿಷಯ ತೆಗೀತೀಯಲ್ಲ, ತಂತಿ ಕತ್ತರಿಸಿದ್ದು ಯಾರು ಅಂತ ಸರಿಯಾಗಿ ಹೇಳ್ತೀಯೇನೋ?"

"ಅಯ್ಯೋ, ಹೇಳ್ದೆ ಇರ್ತೀನಾ ಆಂಟಿ! ಆ ಸೇಬಿನ ಪೈ ಇನ್ನೊಂದು ತುಂಡು ಇದ್ಯಾ?"

"ಇದೆ. ಹೇಳ್ತೀಯಾ ತಾನೆ?"

"ಹೇಳ್ತೀನಿ ಅಂದ್ನಲ್ಲ."

ಅವಳು ಬೇರೇನೂ ಬೇಡಿರಲಿಲ್ಲ. ಅಷ್ಟು ಜನರ ಮುಂದೆ ಒಂದು ವಾಕ್ಯ. ಆ ರಾತ್ರಿ ಅದನ್ನೇ ನೆನೆದು ಚೆನ್ನಾಗಿ ನಿದ್ದೆಯನ್ನೂ ಮಾಡಿದಳು.

ಚರ್ಚಿನಲ್ಲಿ ಡ್ವೇನ್ ಬೆಂಕಿಯ ಕಥೆಗೆ ಬಂದ. "ಒಬ್ಬನೇ! ನಮ್ಮ ಲಾಯ್ಡ್ ದೊಡ್ಡಪ್ಪ ಒಬ್ಬನೇ ಕಾದ ತಂತಿ ಕತ್ತರಿಸಿ ಇಡೀ ಮಂದೇನ ಉಳಿಸ್ದ." ಆಗ ಮೊದಲ ಸಾಲಿನಲ್ಲಿದ್ದ ಆರ್ಡಿಸ್ ಕಣ್ಣಿಗೆ ಬಿದ್ದಳು. ಏನೋ ನೆನಪಾದವನಂತೆ ನಕ್ಕ. "ಹಿಂದೆ ಆರ್ಡಿಸ್ ಆಂಟಿ ಸ್ಯಾಂಡ್‌ವಿಚ್ ಹಿಡ್ಕೊಂಡು ಕಾಯ್ತಾ ಇದ್ರು, ಅದನ್ನ ಮರೀಬಾರ್ದು!"

ಇಡೀ ಚರ್ಚು ಅಕ್ಕರೆಯಿಂದ ನಕ್ಕಿತು.

ಮಣ್ಣು ಹಾಕುವ ಮುಂಚೆ ಕೊನೆಯ ಕರೆಯ ಪದ್ಧತಿ. ಸತ್ತವನ ನಂಬರನ್ನು ರೇಡಿಯೊದಲ್ಲಿ ಮೂರು ಸಲ ಕೂಗುತ್ತಾರೆ, ಯಾರೂ ಓಗೊಡುವುದಿಲ್ಲ, ಅವನ ಪಾಳಿ ಮುಗಿಯಿತೆಂದು ಸಾರುತ್ತಾರೆ. ಕೈರೇಡಿಯೊ ವಿಧವೆಯ ಕೈಯಲ್ಲಿರಬೇಕು. ಅಗ್ನಿಶಾಮಕ ಗಾಡಿಯ ಧ್ವನಿವರ್ಧಕದಲ್ಲಿ ಬೆವರ್ಲಿಯ ದನಿ ಬಂತು.

"ಹದಿನೇಳು." ಗಂಡಸರು ಟೋಪಿ ತೆಗೆದರು.

"ಹದಿನೇಳು."

ಆರ್ಡಿಸ್‌ಳ ಹೆಬ್ಬೆರಳು ತಾನೇ ಗುಂಡಿ ಒತ್ತಿತು. "ಹದಿನೇಳು, ಹೇಳು ಬೆವರ್ಲಿ."

ಅಷ್ಟು ವರ್ಷದ ರೂಢಿ ಆ ಕಡೆಯೂ ಇತ್ತು. "ಲಾಯ್ಡ್ ಹೊರಟ್ನಾ ಆರ್ಡಿಸ್?" ಅಂದವಳೇ ಬೆವರ್ಲಿ ಗಕ್ಕನೆ ನಿಂತಳು. "ಅಯ್ಯೋ ದೇವ್ರೇ."

ಆರ್ಡಿಸ್ ಅಷ್ಟಕ್ಕೇ ಬಿಡಬಹುದಿತ್ತು. ಮತ್ತೆ ಗುಂಡಿ ಒತ್ತಿದಳು. "ಹೊರಟ ಬೆವರ್ಲಿ. ಯಾವಾಗ್ಲೂ ಹೊರಡೋನು ಅವನೇ ತಾನೆ? ಇನ್ನೊಂದು ಮಾತು ಕೇಳಿಸ್ಕೋ. ಆ ಬೇಸಿಗೇಲಿ ತಂತಿ ಕತ್ತರಿಸಿದ್ದು ನಾನು. ಮಂದೆ ಅಟ್ಟಿದ್ದೂ ನಾನು."

ಮಾತು ಸ್ಮಶಾನದ ತುಂಬ ಮೊಳಗಿತು. ಡ್ವೇನ್ ಮೆಲ್ಲಗೆ ಅವಳ ಬೆರಳು ಬಿಡಿಸಿ ರೇಡಿಯೊ ತೆಗೆದುಕೊಂಡ. "ಪಾಪ, ದುಃಖಕ್ಕೆ ಏನೇನೋ ಬರ್ತಿದೆ," ಎಂದು ಯಾರೋ ಅಂದರು. ಡ್ವೇನ್ ತಾನೇ ಗುಂಡಿ ಒತ್ತಿದ. "ಬೆವರ್ಲಿ, ಮತ್ತೆ ಮೊದಲಿಂದ."

ಮತ್ತೆ ಮೂರು ಸಲ ಕೂಗಿದರು. ಈ ಸಲ ಯಾರೂ ಓಗೊಡಲಿಲ್ಲ. ಎಲ್ಲ ಪದ್ಧತಿಯಂತೆ ಆಯಿತು. ಗಂಡಸರು ಕಣ್ಣೊರೆಸಿಕೊಂಡರು.

ಚರ್ಚಿನ ನೆಲಮಾಳಿಗೆಯಲ್ಲಿ ಊಟ. "ಆರ್ಡಿಸ್, ದೊಡ್ಡ ಕರೆಂಟ್ ಕಾಫಿ ಪಾತ್ರೆ ವಯರ್ ಎಲ್ಲಿಟ್ಟಿದೀಯ?" ಎಂದು ಪಾದ್ರಿ ಬಂದು ಕೇಳಿದ. ಎರಡನೇ ಕಪಾಟಿನಲ್ಲಿ ಎಂದಳು. ಹಿಂದೆಯೇ ಡ್ವೇನ್ ಬಂದು ಕೈರೇಡಿಯೊವನ್ನು ಅವಳ ಮುಂದಿಟ್ಟ.

"ಇದೂ ನಿಮ್ಮ ಹತ್ರಾನೇ ಇರ್ಲಿ ಆಂಟಿ. ಅಡುಗೆಮನೇದೂ ಅಲ್ಲೇ ಇರ್ಲಿ. ನನ್ನ ಹೆಂಡ್ತಿ ಕೆಲಸಕ್ಕೆ ಹೋಗ್ತಾಳೆ, ನೀವು ಹೆಂಗೂ ಮನೇಲೇ ಇರ್ತೀರಲ್ಲ."

"ಹಂಗಾದ್ರೆ ನಿಮ್ಮ ಪಡೆಯವರ ಹೆಸರಿರೋ ಗೋಡೆ ಮೇಲೆ ನನ್ನ ಹೆಸರೂ ಬರೆಸು."

ಅವನು ಅವಳ ಭುಜ ತಟ್ಟಿದ. "ಅದು ಬೆಂಕಿ ಆರಿಸಿದೋರ ಗೋಡೆ ಅಲ್ವಾ ಆಂಟಿ?"

ಆರ್ಡಿಸ್ ಕೋಟು ತೊಟ್ಟಳು. ಕೈರೇಡಿಯೊ ಒಯ್ದು ಸಿಂಕಿನ ಪಕ್ಕ, ಎಂಜಲು ಲೋಟಗಳ ನಡುವೆ ಇಟ್ಟಳು.

"ಸಂಜೆ ಬಂದು ಮನೇದನ್ನೂ ಬಿಚ್ಕೊಂಡು ಹೋಗು. ಇವತ್ತು ಈ ಲೋಟ ತೊಳೆಯೋನು ಯಾರೋ, ಇದನ್ನೂ ಅವನೇ ಕೇಳಿಸ್ಕೊಳ್ಳಲಿ."

"ಆಂಟಿ, ಬೆಂಕಿ ಬಿದ್ರೆ?"

"ಓಡು. ನಿಮ್ಮ ದೊಡ್ಡಪ್ಪ ಓಡ್ತಿರ್ಲಿಲ್ವಾ?"

ಮನೆ ತಲುಪಿದಾಗ ಕೊಟ್ಟಿಗೆಯ ಹಿಂದೆ ಚೊಚ್ಚಲ ಹಸುವೊಂದು ಮಲಗಿ ನರಳುತ್ತಿತ್ತು. ಕರುವಿನ ಮುಂಗಾಲುಗಳು ಕಾಣುತ್ತಿದ್ದವು. ಸಾವಿನ ಮನೆಯ ಉಡುಪಿನಲ್ಲೇ ಆರ್ಡಿಸ್ ಮೊಣಕಾಲೂರಿ, ಬರೆ ಬಿದ್ದ ಕೈಗೆ ಹಗ್ಗ ಸುತ್ತಿಕೊಂಡಳು. ಯಾರೋ ಅರ್ಧಕ್ಕೆ ಬಿಟ್ಟುಹೋದದ್ದಲ್ಲ, ಮೊದಲಿಂದ ಅವಳೇ ಹಿಡಿದ ಕರು ಇದು. ಅವಳೇ ಎಳೆದಳು.